ಈ ಬೇಸಿಗೆಯ ತವರುಮನೆ

ವಿದ್ಯಾನಗರ, ದಾವಣಗೆರೆ
21 ಏಪ್ರಿಲ್ 2025

ಮಗಳೇ ರಶ್ಮಿತಾ,

ನಿನ್ನೆ ಫೋನಿನಲ್ಲಿ ನಿನ್ನ ಮಾತಿಗಿಂತ, ಹಿಂದೆ ನಿಂತಿದ್ದ ನಿನ್ನ ಅತ್ತೆಯವರ ಮಾತೇ ನನಗೆ ಸ್ಪಷ್ಟವಾಗಿ ಕೇಳಿಸಿತು. "ತವರುಮನಿಗೆ ಅಂದ್ರೆ ವಾರ ಕಳಿಸ್ತೀನಿ, ಪ್ರತಿ ವರ್ಷ ಕಳಿಸಿಲ್ಲೇನು? ಸಮುದ್ರಕ್ಕೆ ಯಾಕ? ಗಂಡಸರಿಲ್ದಂಗೆ ಹೋಗಿ ಅಲ್ಲೇನು ನೋಡೋದೈತೆ?" ನೀನು "ಆಮೇಲೆ ಮಾತಾಡ್ತೀನಮ್ಮ" ಎಂದು ಇಟ್ಟುಬಿಟ್ಟೆ. ಆ ಮನೆಯಲ್ಲಿ ನಿನಗೆ ಆಮೇಲೆ ಎಂಬುದು ಸಿಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಏರ್ಪಾಡು ಬದಲಾಗುವುದಿಲ್ಲ. ಮೇ ಮೊದಲ ವಾರಕ್ಕೆ ಕುಮಟಾದ ಹತ್ತಿರ, ಕಡಲ ದಂಡೆಯ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೇನೆ. ಆ ಸೀಮೆಯಲ್ಲಿ ನಮಗೆ ಪರಿಚಯದವರು ಒಬ್ಬರೂ ಇಲ್ಲ. ಮನೆಯೊಡತಿ ಮೊದಲು ಕೇಳಿದ್ದು "ಮೀನು ಆಗ್ತದಾ ನಿಮಗೆ?" ಎಂದು. ನಾವು ಲಿಂಗಾಯತರು, ಆಗುವುದಿಲ್ಲ ಎಂದೆ. "ಹಾಗಾದ್ರೆ ಬೇರೆ ಒಲೆ ಕೊಡ್ತೇನೆ, ಬನ್ನಿ" ಎಂದಳು. ನಮ್ಮವರಲ್ಲಿ ಯಾವ ಮಾತೂ ಇಷ್ಟು ಸಲೀಸಾಗಿ ಮುಗಿದದ್ದನ್ನು ನಾನು ಕಂಡಿಲ್ಲ.

ನಿನ್ನ ಅಪ್ಪ, "ಸಮುದ್ರ ಎಲ್ಲಿಗೂ ಓಡಿ ಹೋಗಲ್ಲ ಬಿಡು, ಮುಂದಿನ ವರ್ಷ ನೋಡಿದ್ರಾತು" ಎಂದರು. ನಮ್ಮ ಮದುವೆಯಾದ ವರ್ಷವೂ ಇದನ್ನೇ ಅಂದಿದ್ದರು. "ನೀವು ಮುಂದಿನ ವರ್ಷ ಬರ್ರಿ, ನಾನು ಈ ವರ್ಷ ಹೋಗಿರ್ತೀನಿ" ಎಂದೆ. ಈಗ ಕುಕ್ಕರ್ ಇಡುವುದನ್ನು ಕಲಿಯುತ್ತಿದ್ದಾರೆ. ಮುಖ ಮಾತ್ರ ಇನ್ನೂ ಬಿಗಿದುಕೊಂಡೇ ಇದೆ.

ಕಳೆದ ಬೇಸಿಗೆ ನೀನು ಬಂದ ವಾರ ನೆನಪಿದೆಯಾ? ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಹಪ್ಪಳ ಲಟ್ಟಿಸಿ, ಸಂಡಿಗೆ ಇಟ್ಟು, ಮಾಳಿಗೆಗೆ ಹತ್ತಿ ಇಳಿದೆವು. ಅರ್ಧಕ್ಕಿಂತ ಹೆಚ್ಚು ಹರಿಹರಕ್ಕೆ, ನಿನ್ನ ಅತ್ತೆಯವರ ಡಬ್ಬಿಗೆ ಹೋಯಿತು. ನೀನು ಹೊರಟು ನಿಂತಾಗ, "ಅಮ್ಮ, ಒಂದು ಮಧ್ಯಾಹ್ನನೂ ಮಲಗ್ಲಿಲ್ಲ ನೋಡು" ಎಂದು ನಕ್ಕೆ. ನನಗೆ ನಗು ಬರಲಿಲ್ಲ. ಈ ವರ್ಷ ಉದ್ದನ್ನೇ ತಂದಿಲ್ಲ.

ತವರುಮನೆಗೆ ಕಳಿಸುತ್ತೇನೆ ಎಂದಿದ್ದಾರಲ್ಲ, ಆ ಮಾತು ನನಗೆ ಸಾಕು. ಗೋಡೆಗೆ ಯಾರೂ ತವರು ಎನ್ನುವುದಿಲ್ಲ. ನಾನು ಎಲ್ಲಿರುತ್ತೇನೋ ಅದೇ ನಿನ್ನ ತವರುಮನೆ. ಆ ವಾರ ಅದು ಕುಮಟಾದಲ್ಲಿರುತ್ತದೆ. ನೀನು ಸುಳ್ಳು ಹೇಳಬೇಕಾಗಿಲ್ಲ, ಬೇಡಿಕೊಳ್ಳಬೇಕಾಗಿಯೂ ಇಲ್ಲ.

ಬಸ್ಸು ಹರಿಹರದ ಮೇಲೆಯೇ ಹೋಗುತ್ತದೆ. ಮೇ ಒಂದರ ಬೆಳಿಗ್ಗೆ ನನ್ನ ಮೊಮ್ಮಗಳು ಪುಟ್ಟಿಯನ್ನು ಕರೆದುಕೊಂಡು ನಿಲ್ದಾಣದಲ್ಲಿ ನಿಂತಿರು. ನೀವಿಬ್ಬರೂ ಕಾಣದಿದ್ದರೆ ನಾನು ಅಲ್ಲೇ ಇಳಿದು, ಚೀಲದೊಂದಿಗೆ ನಿಮ್ಮ ಮನೆಗೆ ಬಂದು, ಆ ವಾರವೆಲ್ಲ ನಡುಮನೆಯಲ್ಲಿ ಕೂರುತ್ತೇನೆ. ಯಾವುದು ಸುಲಭವೆಂದು ನಿನ್ನ ಅತ್ತೆಯವರೇ ನಿರ್ಧರಿಸಲಿ.

ಹೊರಟು ನಿಂತಿರುವ ನಿನ್ನ ತಾಯಿ,
ದ್ರಾಕ್ಷಾಯಣಮ್ಮ

ತಾ.ಕ.: ಲಕೋಟೆಯ ಮೇಲೆ ನಿನ್ನ ಹೆಸರಿಲ್ಲ ರಶ್ಮಿತಾ, ನಿನ್ನ ಅತ್ತೆಯವರ ಹೆಸರಿದೆ. ಬೇಕೆಂದೇ ಬರೆದಿದ್ದೇನೆ. ಗಿರಿಯಮ್ಮನವರೇ, ಇಲ್ಲಿಯವರೆಗೆ ಓದಿದಿರಿ, ಇನ್ನು ಇದನ್ನು ಅವಳಿಗೆ ಕೊಡಿ. ಕೋಣೆಯಲ್ಲಿ ಇನ್ನೊಂದು ಮಂಚವಿದೆ. ನೀವೂ ಸಮುದ್ರ ನೋಡಿಲ್ಲವೆಂದು ಕೇಳಿದ್ದೇನೆ. ಬರುವುದಾದರೆ ಬನ್ನಿ. ಆದರೆ ಅಲ್ಲಿ ಅವರವರ ತಟ್ಟೆ ಅವರವರೇ ತೊಳೆಯಬೇಕು.