ಈ ಸಲದ ಕಟ್ಟಿನಲ್ಲಿ ಮಾತ್ರೆ ಇಲ್ಲ

ಮಡಂತ್ಯಾರು
ಶುಕ್ರವಾರ, 14 ನವೆಂಬರ್ 2025

ನಮ್ಮ ಮಗಳು ಮುರ್ಶಿದಾಳ ಪ್ರೀತಿಯ ಉಪ್ಪನಿಗೆ ಬೀಫಾತಿಮಾಳ ಸಲಾಂ.

ಹೇಗಿದ್ದೀರಿ? ಕಾಲಿನ ಬಾವು ಇಳಿಯಿತಾ? ನಿದ್ದೆ ಬರುತ್ತದಾ? ಇದನ್ನೆಲ್ಲ ಫೋನಿನಲ್ಲಿ ಕೇಳಿದರೆ ನಿಮಗೆ ಕೂಡಲೇ ನೆಟ್‌ವರ್ಕ್ ಹೋಗುತ್ತದೆ. ಪತ್ರವನ್ನು ಕಟ್ ಮಾಡಲಿಕ್ಕಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೆರೆಮನೆಯ ಅಸ್ಕರ್ ರಜೆ ಮುಗಿಸಿ ನೀವಿರುವ ದಮ್ಮಾಮಿಗೆ ಹೊರಟಿದ್ದಾನೆ, ಸಾಮಾನಿನ ಕಟ್ಟಿನೊಟ್ಟಿಗೆ ಇದನ್ನೂ ಅವನೇ ತಂದು ಕೊಡುತ್ತಾನೆ.

ಕಟ್ಟು ಬಿಚ್ಚಿ ಹುಡುಕಬೇಡಿ. ಕುಚ್ಚಲಕ್ಕಿ ಉಂಟು, ಮೆಂತೆ ಉಂಟು. ಉಪ್ಪಿನಕಾಯಿ, ಒಣಮೀನು ಇಲ್ಲ. ನೀವು ಹೇಳಿದ ಸೊಂಟನೋವಿನ ಮಾತ್ರೆಯೂ ಇಲ್ಲ. ಅಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲವೆಂದು ಊರಿಗೆ ಬಂದವರ ಕೈಯಲ್ಲೆಲ್ಲ ತರಿಸಿ, ಟ್ರೈಲರ್ ಲಾರಿ ಓಡಿಸುತ್ತ ಕಡಲೆಯ ಹಾಗೆ ತಿಂದಿರಲ್ಲ, ಅದು ಈಗ ಕಿಡ್ನಿಗೆ ಬಂದು ನಿಂತಿದೆ. ನಿಮ್ಮ ರಕ್ತದ ರಿಪೋರ್ಟನ್ನು ಮೂಡುಬಿದಿರೆಯ ಡಾಕ್ಟ್ರಮ್ಮನಿಗೆ ತೋರಿಸಿದೆ. "ಕಿಡ್ನಿ ಒಂದನ್ನೇ ನೋಡಿದ್ರೆ ಸಾಕಾಗುವುದಿಲ್ಲ. ಬಿ.ಪಿ., ಶುಗರ್, ಊಟ, ನಿದ್ದೆ ಎಲ್ಲ ಒಟ್ಟಿಗೆ ನೋಡ್ಬೇಕು. ಮೊದಲು ಆ ಮಾತ್ರೆ ನಿಲ್ಲಿಸ್ಲಿ, ಊರಿಗೆ ಬರ್ಲಿ. ಈಗ ಬಂದ್ರೆ ಉಳಿಸ್ಬಹುದು" ಎಂದರು.

ಅದನ್ನು ಕೇಳುವಾಗ ತೀರಿಹೋದ ನಿಮ್ಮ ಉಮ್ಮನ ನೆನಪಾಗಿ ನನಗೆ ಕಣ್ಣು ತುಂಬಿತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಬೆಳ್ತಂಗಡಿಯಲ್ಲಿ ಯಾರದೋ ಮದುವೆಯ ಬಿರಿಯಾನಿ ಉಂಡು ಬಂದರೆ ಮರುದಿನ ಮನೆಯಲ್ಲಿ ಗಂಜಿ, ಬಾಳೆದಿಂಡಿನ ಪಲ್ಯ, ಅಷ್ಟೇ. "ಹೊಟ್ಟೆಗೂ ಒಂದು ದಿನ ರಜೆ ಬೇಡ್ವಾ ಮೋನೇ" ಎಂದು ಉಮ್ಮ ಮಗನಿಗೆ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಶರೀರದ ಒಳಗಿರುವುದು ಒಂದು ಕೂಡುಕುಟುಂಬ. ಹೃದಯ ಯಜಮಾನ, ಅವನು ಸ್ವಲ್ಪ ಕೆಮ್ಮಿದರೂ ಊರಿಗೆಲ್ಲ ಗೊತ್ತು. ಲಿವರು, ಕಿಡ್ನಿ ಸೊಸೆಯಂದಿರು, ಬಾಯಿ ಬಿಡದೆ ದುಡಿಯುತ್ತಾರೆ, ಬಿದ್ದ ಮೇಲೆಯೇ ತಿಳಿಯುವುದು. ಅತ್ತೆಯ ಬಾಯಿಯಲ್ಲಿ ಸೊಸೆಯರ ಹೊಗಳಿಕೆ ಕೇಳಿ ನಾನು ಒಲೆಯ ಮುಂದೆ ಕೂತು ನಗುತ್ತಿದ್ದೆ. ನೀವು ಮುಖ ಊದಿಸಿಕೊಂಡು ಗಂಜಿ ಕುಡಿದು, ಬಂಟ್ವಾಳದಲ್ಲಿ ಕೆಲಸ ಉಂಟೆಂದು ಬಸ್ಸು ಹತ್ತಿ, ಬಿ.ಸಿ.ರೋಡಿನಲ್ಲಿ ಎಣ್ಣೆಯಲ್ಲಿ ಕರಿದ ನೀರುಳ್ಳಿ ಬಜೆ ತಿಂದು ಏಲಕ್ಕಿ ಜಗಿಯುತ್ತ ಬರುತ್ತಿದ್ದಿರಿ. ಉಮ್ಮನಿಗೆ ಗೊತ್ತಾಗುತ್ತಿತ್ತು, ರಾತ್ರಿಗೂ ಗಂಜಿಯೇ ಬಡಿಸುತ್ತಿದ್ದರು. ನಾವು ಮೂವರೂ ಒಂದೇ ಅಡುಗೆಮನೆಯಲ್ಲಿ ಕೂತು ಉಂಡ ಆ ದಿನಗಳು ನನಗೆ ತುಂಬಾ ಬೇಕೆನಿಸುತ್ತವೆ.

ಮುರ್ಶಿದಾಳ ಮದುವೆಗೆ ಬಂಗಾರ ಆಗಬೇಕು, ನಿಕಾಹಿಗೆ ಎರಡು ದಿನ ಬಂದು ಹೋಗುತ್ತೇನೆ, ಮದ್ದಿನ ವಿಷಯ ಆಮೇಲೆ ನೋಡುವ ಎನ್ನುತ್ತೀರಿ. ನೋಡುವ, ನೋಡುವ ಎಂದೇ ಇಷ್ಟು ವರ್ಷ ಹೋಯಿತು. ನನಗೆ ಹೆದರಿಕೆಯಾಗುತ್ತದೆ.

ಐದು ಹೊತ್ತೂ ನಿಮ್ಮ ಆರೋಗ್ಯಕ್ಕೆ ದುಆ ಮಾಡುತ್ತಿದ್ದೇನೆ. ಅಲ್ಲಾಹನು ಕಾಪಾಡಲಿ. ರೂಮಿನವರಿಗೆಲ್ಲ ಸಲಾಂ ಹೇಳಿ.

ನಿಮ್ಮ ದಾರಿ ನೋಡುತ್ತಿರುವ
ಬೀಫಾತಿಮಾ

ಮತ್ತೊಂದು: ಅಸ್ಕರ್ ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮುರ್ಶಿದಾ ಇದನ್ನು ನಿಮಗೆ ಹೇಳಬಾರದು ಎಂದಿದ್ದಾಳೆ. ನಿನ್ನೆ ಗಂಡಿನ ಕಡೆಯವರು ತಾರೀಕು ಕೇಳಲಿಕ್ಕೆ ಬಂದಿದ್ದರು. ಇವಳು ಬಾಗಿಲಿಗೆ ಬಂದು ನಿಂತು, "ಉಪ್ಪ ಊರಿಗೆ ಬಂದು, ಮದ್ದು ಮಾಡಿಸಿ, ಡಾಕ್ಟ್ರು ಅಡ್ಡಿಯಿಲ್ಲ ಹೇಳಿದ ಮೇಲೆ ನಿಕಾಹ್. ಅಷ್ಟು ಕಾಯ್ಲಿಕ್ಕೆ ಆಗದಿದ್ದರೆ ಬೇರೆ ಹುಡುಗಿ ನೋಡಿ" ಎಂದಳು. ನಾನು ಚಾ ತರಲಿಕ್ಕೆ ಒಳಗೆ ಓಡಿದೆ. ಹುಡುಗನ ಉಮ್ಮ ಚಾ ಕುಡಿದು, "ಕಾಯ್ತೇವೆ" ಎಂದು ಹೇಳಿ ಹೋದರು. ನೀವು ಬಾರದೆ ನಿಮ್ಮ ಮಗಳಿಗೆ ಮದುವೆ ಇಲ್ಲ.