ಆಚೆ ದಡದ ದೊಡ್ಡಮ್ಮ

ಮಾರ್ಚ್ 3
ಬೆಳಗಿನ ಸುದ್ದಿ ಎಡಿಟ್ ಮುಗಿಸಿ ಕಾಫಿಗೆ ಎದ್ದಿದ್ದೆ. ಸ್ಟೇಷನ್ ಡೈರೆಕ್ಟರ್ ಕರೆದರು. ಸಂಸ್ಕೃತಿ ಇಲಾಖೆಯ ಹೊಸ ಯೋಜನೆ — ದೇಶಕ್ಕೆಲ್ಲ ಒಂದೇ ಜೋಗುಳ. ದಿನಾ ರಾತ್ರಿ ಎಂಟಕ್ಕೆ, ಎಲ್ಲ ಸ್ಟೇಷನ್‌ಗಳಲ್ಲೂ. ಆರಿಸಿದ್ದು ನಮ್ಮ ಅತ್ತೆಯ ಹಾಡು. ಸುಮ್ಮನಿರಲಾರದೆ ಕಳಿಸಿದವಳು ನಾನೇ. ಉಬ್ಬಿಹೋದೆ.

ಅತ್ತೆ ಒಂದೇ ಪ್ರಶ್ನೆ ಕೇಳಿ ಒಪ್ಪಿದರು. "ನಮ್ಮ ರೇಡಿಯೋ ನದಿ ದಾಟಿ ಅಕ್ಕನಿಗೂ ಕೇಳ್ಸುತ್ತಲ್ಲ?" ಆಚೆ ದಡ ಈಗ ಬೇರೆ ದೇಶ. ಸೇತುವೆ ಮುಚ್ಚಿದ ಮೇಲೆ ಅಕ್ಕತಂಗಿ ಮುಖ ನೋಡಿಲ್ಲ.

ಮಾರ್ಚ್ 7
ರೆಕಾರ್ಡಿಂಗ್. ಅತ್ತೆಗೆ ಸ್ವರವೇ ಹೊರಡಲಿಲ್ಲ. "ಮಡಿಲು ಖಾಲಿ ಇಟ್ಕೊಂಡು ಜೋಗುಳ ಹಾಡೋದು ಹೇಗೆ ಕಣೇ?" ಮೈಕ್ ಸ್ಟ್ಯಾಂಡಿಗೆ ಭಾರ ಇಡುವ ಮರಳಿನ ಚೀಲ ತಂದು ಮಡಿಲಲ್ಲಿಟ್ಟೆ. ಅದನ್ನೇ ತಟ್ಟುತ್ತಾ ಹಾಡಿದರು. ಎಷ್ಟು ಚೆನ್ನಾಗಿ...

ಅಕ್ಕನನ್ನು ನೆನೆದು ಅತ್ತೆ ಕಟ್ಟಿದ ಒಂದು ಸಾಲಿಗೆ ಇಲಾಖೆಯ ಅಧಿಕಾರಿ ತಡೆದರು. 'ಆಚೆ ದಡದ ದೊಡ್ಡಮ್ಮ ಬಂದಳು, ಮಡಿಲಲಿ ನಿದ್ದೆ ತಂದಳು.'

"ಅಮ್ಮಾ, ಆಚೆ ದಡ ಈಗ ನಮ್ದಲ್ಲ. ಮಕ್ಕಳ ತಲೇಲಿ ಅದು ಕೂರಬಾರ್ದು. 'ನಮ್ಮ ದಡದ' ಅನ್ನಿ, ಸಾಕು."

ಸಭ್ಯ ಮನುಷ್ಯ. ಅತ್ತೆಗೆ ನೀರು ತರಿಸಿಕೊಟ್ಟು ತಾಳ್ಮೆಯಿಂದ ಕಾದರು. ಎಷ್ಟು ಸಲ ಹಾಡಿದರೂ 'ಆಚೆ' ಅಂತಲೇ ಬಂತು. ಬೇಕೆಂದೇ ಮಾಡಿದರೋ ಏನೋ, ಕೇಳಲಿಲ್ಲ.

ಮಾರ್ಚ್ 8
ಬೇರೆ ಸಾಲಿನಲ್ಲಿದ್ದ ಅತ್ತೆಯದೇ 'ನಮ್ಮ' ಕತ್ತರಿಸಿ 'ಆಚೆ' ಇದ್ದ ಜಾಗಕ್ಕೆ ಜೋಡಿಸಿದೆ. ನಾನು ಮಾಡದಿದ್ದರೆ ಇನ್ನೊಬ್ಬರು ಮಾಡಿ ಹಾಡನ್ನೇ ಕುಲಗೆಡಿಸುತ್ತಿದ್ದರು. ಜೋಡಿಸಿದ್ದು ಗೊತ್ತೇ ಆಗದಷ್ಟು ನೀಟಾಗಿದೆ. ನಾಚಿಕೆಯಾಗುತ್ತಿದೆ.

ಮಾರ್ಚ್ 20
ಮೊದಲ ಪ್ರಸಾರ. ಬಟ್ಟೆ ಮಡಚುತ್ತಿದ್ದ ಅತ್ತೆಯ ಕೈ ನಿಂತಿತು. "ಗಂಟಲು ನಂದೇ. ಮಾತು ನಂದಲ್ಲ. ಅಕ್ಕ ಏನಂದ್ಕೊಳ್ತಾಳೆ?"

ಕತ್ತರಿಸಿದ್ದು ನಾನೇ ಅಂದೆ.

"ಗೊತ್ತು ಬಿಡು."

ನವೆಂಬರ್ 2
ರೇಡಿಯೋ ಕೆಟ್ಟಿದೆ. ಜೋಗುಳವಿಲ್ಲದೆ ಮಲಗುವುದಿಲ್ಲವೆಂದು ಮಗಳ ರಂಪ. ಅತ್ತೆ ಮಡಿಲಿಗೆ ಹಾಕಿಕೊಂಡು ಶುರುಮಾಡಿದರು. 'ಆಚೆ ದಡದ—'

"ತಪ್ಪು ಅಜ್ಜಿ. ನಮ್ಮ ದಡದ."

"ರೇಡಿಯೋದಲ್ಲಿ ಹಾಡೋಳೂ ನಾನೇ ಪುಟ್ಟಿ."

"ಹಂಗಾದ್ರೆ ಅಲ್ಲಿ ಹಾಡೋ ಥರಾನೇ ಹಾಡು."

ಅತ್ತೆ ನನ್ನತ್ತ ನೋಡಲಿಲ್ಲ. ಮೊಮ್ಮಗಳ ಬೆನ್ನು ತಟ್ಟಿದರು. ಆಮೇಲೆ, 'ನಮ್ಮ ದಡದ ದೊಡ್ಡಮ್ಮ...' ಸ್ಟುಡಿಯೋದಲ್ಲಿ ಒಮ್ಮೆಯೂ ಬಾರದ್ದು ತಡವರಿಸದೆ ಬಂತು.

ಗಂಟೆ ಎಂಟು. ನದಿಯಾಚೆ ದೊಡ್ಡಮ್ಮನೂ ಈಗ ರೇಡಿಯೋ ಮುಂದೆ ಕೂತು, ತಂಗಿ ಇವತ್ತಾದರೂ ತನ್ನನ್ನು ಹಾಡಿನಲ್ಲಿ ಕರೆಯುತ್ತಾಳೇನೋ ಎಂದು ಕಾಯುತ್ತಿರಬಹುದು.