ಬುದ್ಧಿ ಸ್ವಾಧೀನದಲ್ಲಿರುವ ಅಮ್ಮಯಮ್ಮ

ಬೂದಿಗೆರೆ
ಶನಿವಾರ, ನವೆಂಬರ್ ೯, ೨೦೨೪

ನನ್ನ ಕಂದ ಅರ್ಪಿತಾ,

ಇದು ಹುಚ್ಚಿಯೊಬ್ಬಳು ಬರೆಯುತ್ತಿರುವ ಕಾಗದ. ಹಾಗೆಂದು ನಾನು ಹೇಳುತ್ತಿಲ್ಲ, ನಿನ್ನ ಅಣ್ಣ ಸುನಿಲ ಕೋರ್ಟಿನಲ್ಲಿ ಹೇಳಿದ್ದಾನೆ. ಎಲ್ಲಾದರೂ ಕಾಗುಣಿತ ತಪ್ಪಿದ್ದರೆ ಅದನ್ನು ಅವನ ವಾದಕ್ಕೆ ಸೇರಿಸಿಕೊಳ್ಳಲಿ. ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ನನ್ನ ಕೈಯಲ್ಲೇ ಬರೆಸುತ್ತಿದ್ದರು.

ಫೋನು ಮಾಡಬಹುದಿತ್ತು, ಆದರೆ ನೀನು ಎತ್ತುವುದಿಲ್ಲ. ಎತ್ತಿದರೂ ಕುಕ್ಕರ್ ಕೂಗುತ್ತಿದೆ, ಇವರು ಪಿಲ್ಲಗುಂಪೆಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿಕೊಂಡು ಬಂದರು ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಅರ್ಧ ಓದಿ ಮಡಿಚಿದರೂ ಉಳಿದರ್ಧ ನಿನ್ನ ಮನೆಯಲ್ಲೇ ಇರುತ್ತದೆ.

ಗುರುವಾರ ಕೋರ್ಟಿಗೆ ಸುನಿಲನ ಕಡೆ ಸಾಕ್ಷಿಯಾಗಿ ನೀನು ಬರುತ್ತೀಯೆಂದು ನನ್ನ ವಕೀಲೆ ಕವಿತ ಹೇಳಿದರು. ನಿನ್ನ ತಾಯಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಅವಳು ತೋಟದ ಹಣ್ಣು ಮಾರಿ ಮಾಡಿದ ಕರಾರು ಊರ್ಜಿತವಲ್ಲ ಎಂದು ನೀನು ಹೇಳಬೇಕಂತೆ. ಅಣ್ಣ ಲೇಔಟಿನಲ್ಲಿ ನಿನಗೊಂದು ಸೈಟು ಕೊಡುತ್ತೇನೆಂದು ಮಾತು ಕೊಟ್ಟಿರುವುದೂ ನನಗೆ ಗೊತ್ತು. ಬಾಡಿಗೆ ಮನೆಯ ಕಷ್ಟ ನಾನು ಅರಿಯದವಳಲ್ಲ. ಅದಕ್ಕೇ ನಿನ್ನನ್ನು ಬೈಯುವ ಮೊದಲು ಎಲ್ಲವನ್ನೂ ಒಂದು ಸಲ ನನ್ನ ಬಾಯಿಂದ ಹೇಳಿಬಿಡುತ್ತೇನೆ.

ಆ ಚಕ್ಕೋತದ ತೋಟ ನನ್ನದು. ನನ್ನ ಮದುವೆಯಲ್ಲಿ ಅಪ್ಪ ಹನುಮಂತರಾಯಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಹೆಣ್ಣುಮಗಳಿಗೆ ಹಾಗೆ ಕೊಟ್ಟ ಭೂಮಿಗೆ ಗಂಡನೂ ಕೈ ಹಾಕಬಾರದು, ಮಕ್ಕಳೂ ಹಾಕಬಾರದು. ನಿಮ್ಮಪ್ಪ ರಾಮಾಂಜಿನಪ್ಪ ಎಷ್ಟೇ ಜೋರಿನ ಮನುಷ್ಯನಾಗಿದ್ದರೂ ಆ ತೋಟದಲ್ಲಿ ಒಂದು ಹಣ್ಣು ಕೀಳಬೇಕಾದರೆ ನನ್ನ ಮುಖ ನೋಡುತ್ತಿದ್ದರು. ನಾನೂ ಸ್ವಲ್ಪ ಹೊತ್ತು ಸತಾಯಿಸಿಯೇ ಹೂಂ ಅನ್ನುತ್ತಿದ್ದೆ. ಈಗ ವಿಮಾನ ನಿಲ್ದಾಣಕ್ಕೆ ಹತ್ತಿರ ಎಂದು ಲೇಔಟಿನವರು ಸುತ್ತಮುತ್ತಲಿನದನ್ನೆಲ್ಲ ಕೊಂಡಿದ್ದಾರೆ. ನಡುವೆ ಉಳಿದಿರುವುದು ನನ್ನ ತೋಟ. ಕೊಡು ಎಂದು ಸುನಿಲ ಕೇಳಿದಾಗಲೆಲ್ಲ ನಾನು ಕೊಡುವುದಿಲ್ಲ ಎಂದೆ. ಕೊನೆಗೆ ಅವನು ನನ್ನನ್ನು ಕೇಳುವುದು ಬಿಟ್ಟು ಆಯಮ್ಮನನ್ನು, ನಮ್ಮ ಊರದೇವತೆ ಸಪ್ಪಲಮ್ಮನನ್ನು, ಕೇಳಲು ಹೋದ.

ಯುಗಾದಿ ಆದಮೇಲಿನ ತಂಬಿಟ್ಟಿನ ಆರತಿಯ ದಿನ ನೆನಪಿದೆಯಲ್ಲ? ನೀನೂ ಬಂದಿದ್ದೆ. ಸಪ್ಪಲಮ್ಮನ ಗುಡಿಯ ಮುಂದೆ ತಮಟೆ ಜೋರಾಗುತ್ತಿದ್ದಂತೆ ಪ್ರತಿ ವರ್ಷದಂತೆ ನನ್ನ ಮೈಮೇಲೆ ದೇವರು ಬಂತು. ಬಂದಾಗ ನಾನೇನು ಆಡುತ್ತೇನೆ ಎಂಬುದು ನನಗೆ ಯಾವತ್ತೂ ನೆನಪಿರುವುದಿಲ್ಲ. ಜನ ಬಂದು ಮದುವೆ, ಬೋರ್‌ವೆಲ್ಲು, ಕಳೆದುಹೋದ ಹಸು ಎಂದು ಅಪ್ಪಣೆ ಕೇಳುತ್ತಾರೆ. ಆಯಮ್ಮ ಏನು ಹೇಳಿದಳು ಎಂದು ಆಮೇಲೆ ನಾನೇ ಅವರನ್ನು ಕೇಳಿ ತಿಳಿದುಕೊಳ್ಳಬೇಕು. ಆ ದಿನ ನಿನ್ನ ಅಣ್ಣ ಲೇಔಟಿನವರ ಕರಾರು ಪತ್ರವನ್ನು ತಟ್ಟೆಯಲ್ಲಿಟ್ಟು, ಎಲೆ ಅಡಿಕೆ ಜೊತೆ ಆಯಮ್ಮನ ಮುಂದೆ ಹಿಡಿದ. ನೀನು ಪಕ್ಕದಲ್ಲಿ ನಿಂತು ಫೋನಿನಲ್ಲಿ ತೆಗೆಯುತ್ತಿದ್ದೆ.

ನನಗೆ ಎಚ್ಚರವಾದಾಗ ಬಾಯಿಗೆ ನಿಂಬೆಹಣ್ಣಿನ ನೀರು ಬಿಡುತ್ತಿದ್ದರು. ಅಂಗೈಯೆಲ್ಲ ಕುಂಕುಮ. ತೊಳೆದೆ. ಎಡಗೈ ಹೆಬ್ಬೆರಳಿನ ಮೇಲೆ ಮಾತ್ರ ಕುಂಕುಮ ಹೋದ ಮೇಲೂ ನೀಲಿ ಉಳಿಯಿತು. ನನಗೆ ರುಜು ಹಾಕಲು ಬರುತ್ತದೆ, ಹೆಬ್ಬೆಟ್ಟಿನ ಅಗತ್ಯವೇನಿತ್ತು ಎಂದು ಕೇಳಿದ್ದಕ್ಕೆ ಸುನಿಲ ಕಾಲಿಗೆ ಬಿದ್ದ. ಆಯಮ್ಮನೇ ಕೊಟ್ಟುಬಿಡು ಎಂದು ಅಪ್ಪಣೆ ಕೊಡಿಸಿದಳು, ಅವಳೇ ಒತ್ತಿದಳು ಎಂದ. ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ನೀನು ಅಲ್ಲಿದ್ದೆ. ಏನಾಯಿತೆಂದು ನೀನೂ ನನಗೆ ಹೇಳಲಿಲ್ಲ.

ಮೂರು ತಿಂಗಳು ಸುಮ್ಮನಿದ್ದೆ. ದೇವರೇ ಕೊಟ್ಟ ಮೇಲೆ ನಾನು ಯಾರು ಎಂದುಕೊಂಡೆ. ಆಷಾಢದಲ್ಲಿ ಒಂದು ದಿನ ತೋಟಕ್ಕೆ ಹೋದರೆ ಕಡಿಯಬೇಕಾದ ಮರಗಳಿಗೆಲ್ಲ ಬಿಳಿ ಬಣ್ಣದಲ್ಲಿ ಗೀಟು ಎಳೆದಿದ್ದರು. ಅಪ್ಪ ಕೈಯಾರೆ ನೆಟ್ಟ ಮರದ ಮೇಲೂ ಗೀಟು. ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. ಅತ್ತು ಮುಗಿದ ಮೇಲೆ ನೆಟ್ಟಗೆ ಗುಡಿಗೆ ಹೋದೆ. ಬಾಗಿಲು ಹಾಕಿತ್ತು. ಹೊರಗೇ ನಿಂತು ಆಯಮ್ಮನಿಗೆ ಹೇಳಿದೆ: ನಮ್ಮಪ್ಪ ತೋಟ ಕೊಟ್ಟದ್ದು ನನಗೆ, ನಿನಗಲ್ಲ. ನನ್ನ ಮೈ ಬೇಕಾದಾಗ ಬಂದು ಹೋಗು, ಬೇಡ ಎನ್ನುವುದಿಲ್ಲ. ನನ್ನ ತೋಟವನ್ನು ಬೇರೆಯವರಿಗೆ ಕೊಡಲು ನೀನು ಯಾರು? ಆಮೇಲೆ ಕೈ ಮುಗಿಯದೆ ಮನೆಗೆ ಬಂದೆ. ಜೀವಮಾನದಲ್ಲಿ ಮೊದಲ ಸಲ.

ಅದೇ ವಾರ ಜಹೀರುನ್ನೀಸಾಳನ್ನು ಕರೆಸಿದೆ. ಹಣ್ಣಿನ ವ್ಯಾಪಾರದ ತಾಜುದ್ದೀನ್ ಸಾಹೇಬರ ಹೆಂಡತಿ. ಅವರು ಹೋದಮೇಲೆ ದೇವನಹಳ್ಳಿಯ ಅಂಗಡಿಯನ್ನು ಅವಳೇ ನಡೆಸುತ್ತಿದ್ದಾಳೆ, ನಮ್ಮ ತೋಟದ ಚಕ್ಕೋತವನ್ನು ಪ್ರತಿ ವರ್ಷ ಅವಳೇ ಕೊಳ್ಳುತ್ತಿದ್ದದ್ದು. ಭೂಮಿಯನ್ನು ಗೇಣಿಗೆ ಕೊಡಲು ಕಾನೂನು ಬಿಡುವುದಿಲ್ಲವೆಂದು ಕವಿತ ಹೇಳಿದರು. ಫಸಲು ಮಾರಬಹುದಂತೆ. ಹಾಗಾಗಿ ಹತ್ತು ವರ್ಷದ ಹಣ್ಣು ಜಹೀರುನ್ನೀಸಾಳಿಗೆ, ಅಷ್ಟು ವರ್ಷ ಒಂದು ಮರಕ್ಕೂ ಕೊಡಲಿ ಮುಟ್ಟಿಸುವಂತಿಲ್ಲ ಎಂದು ಕರಾರಾಯಿತು. ಆಷಾಢದಲ್ಲಿ ಬೇಡ ಅಮ್ಮಯಕ್ಕ ಎಂದು ಅವಳೇ ಹಿಂದೇಟು ಹಾಕಿದಳು. ನನಗೆ ಆಷಾಢವೂ ಬೇಕಿರಲಿಲ್ಲ, ಶ್ರಾವಣವೂ ಬೇಕಿರಲಿಲ್ಲ.

ನೋಂದಣಿ ಕಚೇರಿಯಲ್ಲಿ ಸಾಹೇಬರು ನನ್ನ ಬಿಳಿ ಕೂದಲು ನೋಡಿ, ತಿಳಿದು ಮಾಡುತ್ತಿದ್ದೀರಾ ಅಜ್ಜಿ, ಯಾರಾದರೂ ಬಲವಂತ ಮಾಡಿದರಾ ಎಂದು ವಿಚಾರಿಸಿದರು. ಅವರು ಕೇಳಿದ್ದು ಒಳ್ಳೆಯದಕ್ಕೇ. ನಾನು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಅವರ ಮುಂದೆಯೇ ಗಟ್ಟಿಯಾಗಿ ಓದಿದೆ. ಕ್ಯೂನಲ್ಲಿದ್ದವರು ಗೊಣಗಿದರೂ ಬಿಡಲಿಲ್ಲ. ಒಂದು ಕಡೆ ತೋಟದ ಎಲ್ಲೆ ಹೇಳುವ ಚಕ್ಕಬಂದಿ ತಪ್ಪಿತ್ತು, ಪೂರ್ವ ಇರಬೇಕಾದಲ್ಲಿ ಪಶ್ಚಿಮ ಎಂದಿತ್ತು. ತಿದ್ದಿಸಿದೆ. ಆಮೇಲೆ ಅಮ್ಮಯಮ್ಮ ಎಂದು ದುಂಡಗೆ ರುಜು ಹಾಕಿದೆ. ಹುಚ್ಚಿಗೆ ದಿಕ್ಕು ಗೊತ್ತಿರುತ್ತದೆಯೇ, ನೀನೇ ಹೇಳು.

ಇಷ್ಟಾದದ್ದೇ ತಡ, ಸುನಿಲ ಕೋರ್ಟಿಗೆ ಹೋದ. ನಾನು ಕೂದಲು ಬಿಚ್ಚಿಕೊಂಡು ಬೇವಿನ ಸೊಪ್ಪು ಹಿಡಿದು ಕುಣಿಯುವ ವಿಡಿಯೋದ ಒಂದು ತುಂಡನ್ನು, ಅದೂ ದನಿಯೇ ಇಲ್ಲದ ತುಂಡನ್ನು ಕೊಟ್ಟಿದ್ದಾನೆ. ಇದು ನನ್ನ ತಾಯಿಯ ಸ್ಥಿತಿ ಎಂದು ಬರೆಸಿದ್ದಾನೆ. ಜಹೀರುನ್ನೀಸಾ ಅವಳ ತಲೆ ಕೆಡಿಸಿದಳು ಎಂದೂ ಬರೆಸಿದ್ದಾನೆ. ಒಂದು ಸಾಲಿನಲ್ಲಿ ನನಗೆ ತಲೆಯೇ ಇಲ್ಲ, ಮುಂದಿನ ಸಾಲಿನಲ್ಲಿ ಇದ್ದ ತಲೆಯನ್ನು ಯಾರೋ ಕೆಡಿಸಿದರು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಅವನಿಗೆ ಹೇಳು.

ಕವಿತ ಮೊದಲು ನನಗೊಂದು ಸುಲಭದ ದಾರಿ ಹೇಳಿದರು. ದೇವರು ಗೀವರು ಏನೂ ಬರುವುದಿಲ್ಲ, ಊರಿನವರ ಸಮಾಧಾನಕ್ಕೆ ಕುಣಿಯುತ್ತೇನೆ ಎಂದುಬಿಡಿ ಅಂದರು. ಒಳ್ಳೆಯ ಹುಡುಗಿ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಆಗುವುದಿಲ್ಲ ಎಂದೆ. ಆಯಮ್ಮನ ಮೇಲೆ ನನಗೆ ಸಿಟ್ಟಿರಬಹುದು, ಅದು ನಮ್ಮಿಬ್ಬರ ಜಗಳ. ಅವಳೇ ಇಲ್ಲ ಎಂದು ಕಟಕಟೆಯಲ್ಲಿ ಸುಳ್ಳು ಹೇಳುವುದಿಲ್ಲ. ನನ್ನ ಮೈಮೇಲೆ ದೇವರು ಬರುತ್ತದೆ. ಬಂದಾಗ ನಾನು ನಾನಲ್ಲ. ಹೋದಮೇಲೆ ನಾನೇ, ಪೂರ್ತಿ ನಾನೇ.

ಇದನ್ನು ಕೇಳಿ ಕವಿತ ನಗಲು ಶುರುಮಾಡಿದರು. ಕಾನೂನು ಹೇಳುವುದೂ ಇದನ್ನೇ ಅಂತೆ. ಮನುಷ್ಯನಿಗೆ ವರ್ಷವೆಲ್ಲ ಹೇಗಿತ್ತು ಎಂದು ಅದು ನೋಡುವುದಿಲ್ಲ. ಕರಾರು ಮಾಡುವ ಹೊತ್ತಿಗೆ ಬುದ್ಧಿ ಸ್ವಾಧೀನದಲ್ಲಿತ್ತೇ, ತನಗೆ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ತೂಗಿ ನೋಡಬಲ್ಲವಳಾಗಿದ್ದಳೇ, ಅಷ್ಟು ಮಾತ್ರ. ನಾನು ಜಹೀರುನ್ನೀಸಾಳ ಪತ್ರಕ್ಕೆ ರುಜು ಹಾಕಿದಾಗ ಚಕ್ಕಬಂದಿ ತಿದ್ದಿಸುವಷ್ಟು ಎಚ್ಚರವಿದ್ದೆ. ಲೇಔಟಿನವರ ಪತ್ರದ ಮೇಲೆ ಇರುವುದು ತಂಬಿಟ್ಟಿನ ಆರತಿಯ ದಿನದ ತಾರೀಖು. ನನಗೆ ಬುದ್ಧಿ ಇರಲಿಲ್ಲ ಎಂದು ನಿನ್ನ ಅಣ್ಣ ವಿಡಿಯೋ ಸಮೇತ ತೋರಿಸುತ್ತಿರುವುದೂ ಅದೇ ದಿನವನ್ನು. ಎಲ್ಲ ಬಿಟ್ಟು ತನ್ನ ಪತ್ರವನ್ನು ತಾನೇ ಹರಿಯಲು ಕೋರ್ಟಿಗೆ ಹೋದ ಮಗನನ್ನು ಹೆತ್ತಿದ್ದೇನಲ್ಲ, ಅದೊಂದೇ ನನಗೆ ನಾಚಿಕೆ.

ಕೇಸಿನ ವಿಷಯ ಇಷ್ಟೇ. ಗುರುವಾರ ಜಡ್ಜು ನನ್ನನ್ನೂ ಪ್ರಶ್ನೆ ಕೇಳುತ್ತಾರಂತೆ. ಕೇಳಲಿ. ಇದು ಯಾವ ಊರು, ಯಾವ ವಾರ, ಮಕ್ಕಳೆಷ್ಟು ಎಂದು ಕೇಳಿದರೆ ಹೇಳುತ್ತೇನೆ. ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದರೆ ಎದುರಿನ ಬೆಂಚಿನ ಕಡೆ ಕೈ ತೋರಿಸಬೇಕಾಗುತ್ತದೆ. ಸುನಿಲ ಗಂಡುಮಗ, ಅವನಿಗೆ ಅವಸರ ಜಾಸ್ತಿ. ನೀನು ನನ್ನ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವಳು. ನಿನ್ನ ಮಗುವಿಗೆ ಜ್ವರ ಬಂದಾಗ ಈ ಹುಚ್ಚಿಯ ತೊಡೆಯ ಮೇಲೆ ಮಲಗಿಸಿ ನೀನು ನಿದ್ದೆ ಮಾಡಿದ್ದೀಯ. ಆಗ ನನ್ನ ಬುದ್ಧಿಯ ಮೇಲೆ ನಿನಗೆ ಅನುಮಾನ ಬರಲಿಲ್ಲ.

ನನ್ನ ಪರವಾಗಿ ಹೇಳು ಎಂದು ನಾನು ಬೇಡುವುದಿಲ್ಲ. ಹುಚ್ಚಿ ಎಂದು ಹೇಳಲೇಬೇಕಾದರೆ ತಲೆ ತಗ್ಗಿಸದೆ, ನನ್ನ ಮುಖ ನೋಡಿ ಹೇಳು. ನಾನಂತೂ ಕಣ್ಣು ತಪ್ಪಿಸುವುದಿಲ್ಲ. ಮದುವೆಗೆ ಅಪ್ಪ ತೆಗೆದುಕೊಟ್ಟ ಹಸಿರು ಸೀರೆಯನ್ನೇ ಉಟ್ಟುಕೊಂಡು ಬರುತ್ತೇನೆ, ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಮಗುವಿಗೆ ತಣ್ಣೀರು ಕುಡಿಸಬೇಡ.

ಬುದ್ಧಿ ಸ್ವಾಧೀನದಲ್ಲಿರುವ,
ನಿನ್ನ ಅಮ್ಮ
ಅಮ್ಮಯಮ್ಮ

ಇನ್ನೊಂದು ಮಾತು. ಆಯಮ್ಮ ಏನು ಹೇಳಿದಳೋ ಗೊತ್ತಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ನಿನ್ನ ಬಾಯಿಂದಲೇ ಬರಲಿ ಎಂದು ಹಾಗೆ ಬರೆದೆ. ಆದರೆ ಮುಚ್ಚಿಟ್ಟುಕೊಳ್ಳುವುದು ನನಗೆ ಒಗ್ಗುವುದಿಲ್ಲ. ನೀನು ಅವತ್ತು ಪೂರ್ತಿ ವಿಡಿಯೋವನ್ನು ನಿಮ್ಮ ಚಿಕ್ಕಮ್ಮ ಪಾಪಕ್ಕನಿಗೆ ಕಳಿಸಿದ್ದೆ, ಮರೆತಿದ್ದೀಯ. ಅವಳಿಗೆ ಅದನ್ನು ತೆರೆಯಲು ಗೊತ್ತಿರಲಿಲ್ಲ. ನಿನ್ನೆ ಬಂದಿದ್ದಳು, ಜಹೀರುನ್ನೀಸಾಳ ಮಗಳು ಸಿದ್ರಾ ತೆರೆದು ತೋರಿಸಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಂದ ಆಯಮ್ಮ ಆಡುವುದನ್ನು ನಾನು ಕೇಳಿದೆ. ಸುನಿಲ ತಟ್ಟೆ ಹಿಡಿದು ಅಪ್ಪಣೆ ಕೇಳುತ್ತಾನೆ. ಆಯಮ್ಮ ತಟ್ಟೆಯನ್ನು ತಳ್ಳಿ ಹೇಳುತ್ತಾಳೆ: "ಹೆಣ್ಣುಮಗಳ ಅರಿಶಿನ ಕುಂಕುಮ ಕಣ್ಲಾ ಅದು. ನಾನೇ ಕೇಳಾಕಿಲ್ಲ, ನೀನ್ಯಾವನ್ಲಾ ಕೇಳಾಕೆ?" ನಾನು ಗುಡಿಯ ಮುಂದೆ ನಿಂತು ಅವಳಿಗೆ ಅಂದದ್ದನ್ನೇ ಅವಳು ನನಗಿಂತ ಮೊದಲು ನನ್ನ ಮಗನಿಗೆ ಅಂದಿದ್ದಳು. ಇವತ್ತು ಬೆಳಿಗ್ಗೆ ಹೋಗಿ ಕೈ ಮುಗಿದು ಬಂದೆ.

ಆಮೇಲೆ ಅವನು ನನ್ನ ಕೈ ಹಿಡಿದು ಎಳೆಯುತ್ತಾನೆ, ಶಾಯಿ ಹಚ್ಚುತ್ತಾನೆ. ಆಗ ಫೋನು ಅಲುಗಾಡುತ್ತದೆ, ಹಿಂದಿನಿಂದ ಒಂದು ಹೆಣ್ಣುದನಿ ಕೇಳುತ್ತದೆ: "ಬಿಡಣ್ಣ, ಆಯಮ್ಮ ಬ್ಯಾಡ ಅಂತಾವಳೆ." ಆಫ್ ಮಾಡು ಎಂದು ಅವನು ಗದರುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ನಾನು ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದೆ, ಆಯಮ್ಮನ ಮಾತಿಗಲ್ಲ, ಆ ದನಿಗೆ. ವಿಡಿಯೋ ಕವಿತ ಅವರ ಹತ್ತಿರ ಸೇರಿದೆ, ಕೇಸಿಗೆ ನೀನು ಬೇಕಾಗಿಲ್ಲ. ನನಗೆ ಬೇಕು. ಗುರುವಾರ ಬರುವಾಗ ಆ ದನಿಯನ್ನು ಮನೆಯಲ್ಲಿ ಬಿಟ್ಟು ಬರಬೇಡ.